ರಿಪೇರಿ ಶುರುವಾದರೆ ಊರಿಗೆ ಓಡಬೇಡಿ

ಮುಂಬಯಿಯ ಹಳೆಯ ಕಟ್ಟಡಗಳಲ್ಲಿರುವ ನಮ್ಮವರಲ್ಲಿ ಒಂದು ರೂಢಿಯಿದೆ. ಕಟ್ಟಡದ ಗೋಡೆಗೆ ರಿಪೇರಿಯ ನೋಟಿಸ್ ಬಿದ್ದ ವಾರದಲ್ಲೇ ಮತ್ಸ್ಯಗಂಧಾ ರೈಲಿಗೆ ಟಿಕೆಟ್ ಆಗುತ್ತದೆ. ಮನೆಮಂದಿ ಊರಿಗೆ, ದುಡಿಯುವವರು ಯಾರಾದರೂ ಗೆಳೆಯರ ಮನೆಗೆ, ಕೀಲಿಕೈ ಪಕ್ಕದವರ ಕೈಗೆ. ‘ಕೆಲಸ ಮುಗಿದ ಮೇಲೆ ಒಂದು ಫೋನ್ ಮಾಡಿ’ ಎಂದು ಹೇಳಿ ಹೊರಟುಬಿಡುತ್ತೇವೆ. ಈ ರೂಢಿಯನ್ನು ಬಿಡಬೇಕು ಎಂಬುದೇ ಈ ವಾರ ನಾನು ಹೇಳಬೇಕೆಂದಿರುವ ಮಾತು.

ನಾನು ಕುಂದಾಪುರದ ಕಡೆಯವನು. ಫೋರ್ಟ್‌ನ ಒಂದು ಹಡಗು ಸರಕಿನ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ವಾಸವೂ ಅಲ್ಲೇ, ಮೂರನೇ ಮಹಡಿಯ ಒಂದೂವರೆ ಕೋಣೆಯ ಪಗಡಿ ಮನೆಯಲ್ಲಿ. ಮಾವನವರು ಕ್ಯಾಂಟೀನ್ ನಡೆಸುತ್ತಿದ್ದ ಕಾಲದಲ್ಲಿ ಹಿಡಿದ ಮನೆ ಅದು. ಬಾಡಿಗೆ ರಸೀದಿ ಈಗ ಅತ್ತೆಯ ಹೆಸರಿನಲ್ಲಿದೆ. ದೀಪಾವಳಿ ಕಳೆದ ಮೇಲೆ ಕಟ್ಟಡಕ್ಕೆ ಬಿದಿರಿನ ಅಟ್ಟಣಿಗೆ ಕಟ್ಟಿ ಹಸಿರು ಬಲೆ ಹೊದಿಸಿದರು. ಅಂದಿನಿಂದ ನಾಲ್ಕು ತಿಂಗಳು ಮನೆಯೊಳಗೆ ಹಗಲಲ್ಲೂ ದೀಪ. ಅಡುಗೆಮನೆಯ ತೊಲೆಗೆ ಕೊಟ್ಟ ಆಧಾರದ ಕಂಬವನ್ನು ಸುತ್ತಿಕೊಂಡೇ ಒಲೆಯ ಬಳಿ ಹೋಗಬೇಕು. ಚಪಾತಿ ಹಿಟ್ಟಿಗೂ ಗಾರೆಯ ವಾಸನೆ. ಮಾಡು ಬಿಚ್ಚಿದಾಗ ಇಳಿಸಿದ್ದು ನಮ್ಮ ಮಂಗಳೂರು ಹಂಚುಗಳನ್ನು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಹಂಚು ಸಮುದ್ರದ ದಾರಿಯಲ್ಲಿ ಬೊಂಬಾಯಿಗೆ ಬರತೊಡಗಿತ್ತು.

ಇಲ್ಲಿನ ಕಟ್ಟಡಗಳು ಹೀಗೇಕಾದವು ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಬಾಡಿಗೆ ನಿಯಂತ್ರಣ ಕಾನೂನು ಹಳೆಯ ಮನೆಗಳ ಬಾಡಿಗೆಯನ್ನು ಬಹುಕಾಲ 1940ರ ಮಟ್ಟದಲ್ಲೇ ಹಿಡಿದಿಟ್ಟಿತು. ಕೈಗೆ ಬರುವ ಬಾಡಿಗೆಯಲ್ಲಿ ಮಾಲೀಕರು ರಿಪೇರಿ ಮಾಡಿಸಲಿಲ್ಲ. ಬಾಡಿಗೆದಾರರು ‘ಕಟ್ಟಡ ನಮ್ಮದಲ್ಲವಲ್ಲ’ ಎಂದು ಸುಮ್ಮನಿದ್ದರು. ಮುಂಗಡವಾಗಿ ದೊಡ್ಡ ಮೊತ್ತ ಕೊಟ್ಟು ಅಲ್ಪ ಬಾಡಿಗೆಗೆ ತಲೆಮಾರುಗಟ್ಟಲೆ ಇರುವ ಪಗಡಿ ಪದ್ಧತಿ ಹೀಗೆ ಬೆಳೆಯಿತು. ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ. ಕಟ್ಟಡಗಳು ಕುಸಿಯತೊಡಗಿದಾಗ ಸರ್ಕಾರ 1969ರಲ್ಲಿ ಕಾನೂನು ತಂದು ರಿಪೇರಿ ಮಂಡಳಿಯನ್ನು ರಚಿಸಿತು. ಈಗ ಅದು ಮ್ಹಾಡಾ ಅಡಿಯಲ್ಲಿದೆ. ಅದಕ್ಕಾಗಿ ಕಟ್ಟುವ ಸೆಸ್‌ನಿಂದಲೇ ಇವುಗಳಿಗೆ ‘ಸೆಸ್ ಕಟ್ಟಡ’ ಎಂಬ ಹೆಸರು.

ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಂಡಳಿ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ. ಆದರೆ ಪಟ್ಟಿ ಓದಿ ಪತ್ರಿಕೆ ಮಡಚಿಟ್ಟರೆ ಸಾಲದು ಎಂದು ಫೋರ್ಟ್‌ನವರಿಗೆ 2020ರ ಜುಲೈ ಕಲಿಸಿದೆ. ಆ ತಿಂಗಳ 16ರಂದು ಜನರಲ್ ಪೋಸ್ಟ್ ಆಫೀಸ್ ಬಳಿಯ ಭಾನುಶಾಲಿ ಕಟ್ಟಡದ ಒಂದು ಭಾಗ ಕುಸಿದು ಜನ ಪ್ರಾಣ ಕಳೆದುಕೊಂಡರು. ಅಂದು ರಾತ್ರಿ ನಮ್ಮ ಕಟ್ಟಡದಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಎಲ್ಲರೂ ತಮ್ಮ ತಮ್ಮ ಚಾವಣಿ ನೋಡುತ್ತಾ ಮಲಗಿದ್ದೆವು.

ಇಷ್ಟೆಲ್ಲ ಗೊತ್ತಿದ್ದೂ ನಾವೇಕೆ ಓಡುತ್ತೇವೆ? ನಮ್ಮ ಮನಸ್ಸಿನಲ್ಲಿ ಮುಂಬಯಿ ದುಡಿಯುವ ಜಾಗ. ಮನೆ ಇರುವುದು ಊರಿನಲ್ಲಿ. ಕರಾವಳಿಯ ಯಾವ ಹಳ್ಳಿಗೆ ಹೋದರೂ ಮುಂಬಯಿಯವರ ಹೊಸ ಮನೆಗಳು ಕಾಣುತ್ತವೆ. ಗ್ರಾನೈಟ್ ನೆಲ, ಸಾಗುವಾನಿ ಬಾಗಿಲು, ಬಾಗಿಲಿಗೆ ವರ್ಷದ ಹನ್ನೊಂದು ತಿಂಗಳು ಬೀಗ. ಅಲ್ಲಿಯ ಗೃಹಪ್ರವೇಶಕ್ಕೆ ಒಂದು ತಿಂಗಳು ರಜೆ ಹಾಕುವ ನಾವು, ಇಲ್ಲಿ ನಿಜವಾಗಿ ಉಂಡು ಮಲಗುವ ಮನೆಯ ಬಾಡಿಗೆದಾರರ ಸಭೆಗೆ ಒಂದು ಗಂಟೆ ಕೊಡುವುದಿಲ್ಲ. ಸಭೆಯಲ್ಲಿ ಗುಜರಾತಿಗಳು, ಪಾರ್ಸಿಗಳು, ಮರಾಠಿಗರು ಮಾತಾಡುತ್ತಾರೆ. ನಮ್ಮವರದು ಬರೀ ಸಹಿ.

ಉಳಿದರೆ ಆಗುವ ಲಾಭ ಏನೆಂದು ಈ ನಾಲ್ಕು ತಿಂಗಳಲ್ಲಿ ಕಂಡೆ. ನಮ್ಮ ಬಚ್ಚಲಿನ ಮೇಲಿನ ತೊಲೆಯ ತುದಿ ಗೋಡೆಯೊಳಗೆ ಪೂರ್ತಿ ಕುಂಬಾಗಿತ್ತು. ಕೆಲಸದವರು ಅದರ ಮೇಲೆ ಗಾರೆ ಮೆತ್ತಿ ಬಣ್ಣ ಬಳಿಯಲು ತಯಾರಾಗಿದ್ದರು. ನನ್ನ ಹೆಂಡತಿ ಒಂದು ಸ್ಕ್ರೂಡ್ರೈವರ್ ತಂದು ಚುಚ್ಚಿ ತೋರಿಸಿದಳು. ಅದು ಹಿಡಿಯವರೆಗೂ ಒಳಗೆ ಹೋಯಿತು. ಎಂಜಿನಿಯರ್ ಬಂದರು, ತೊಲೆ ಬದಲಾಯಿತು. ಅಂದು ಮನೆಗೆ ಬೀಗ ಹಾಕಿದ್ದರೆ ಆ ಕುಂಬು ತೊಲೆ ಹೊಸ ಬಣ್ಣದಡಿಯಲ್ಲಿ ಹಾಗೇ ಇರುತ್ತಿತ್ತು.

ಇನ್ನೊಂದು ವಿಷಯ ಕಾಗದಪತ್ರದ್ದು. ಸಕಾರಣವಿಲ್ಲದೆ ಸತತ ಆರು ತಿಂಗಳು ಮನೆಯನ್ನು ಬಳಸದೆ ಬಿಟ್ಟರೆ, ಮನೆ ಖಾಲಿ ಮಾಡಿಸಲು ಮಾಲೀಕ ದಾವೆ ಹೂಡಲು 1999ರ ಕಾಯ್ದೆಯಲ್ಲಿ ಅವಕಾಶವಿದೆ. ರಿಪೇರಿ ಸಕಾರಣವೇ. ಆದರೆ ಅದನ್ನು ತೋರಿಸಲು ಕೈಯಲ್ಲಿ ಕಾಗದ ಬೇಕು. ರಿಪೇರಿಗೆಂದು ಮಾಲೀಕ ಕೋರ್ಟಿನ ಮೂಲಕ ಜಾಗ ಪಡೆದರೆ, ಕೆಲಸ ಮುಗಿದ ಮೇಲೆ ಬಾಡಿಗೆದಾರನನ್ನು ಮರಳಿ ಸೇರಿಸಿಕೊಳ್ಳುವ ವ್ಯವಸ್ಥೆಯೂ ಅದೇ ಕಾಯ್ದೆಯಲ್ಲಿದೆ. ಬಾಯಿಮಾತಿನ ಮೇಲೆ ಹೊರಟು ಹೋದವರ ಬಳಿ ಮಾತ್ರ ತೋರಿಸಲು ಏನೂ ಇರುವುದಿಲ್ಲ. ಮಂಡಳಿಯ ಸಂಕ್ರಮಣ ಶಿಬಿರಗಳಿಗೆ ‘ಸ್ವಲ್ಪ ದಿನಕ್ಕೆ’ ಎಂದು ಹೋಗಿ ದಶಕಗಳನ್ನೇ ಅಲ್ಲಿ ಕಳೆದ ಕುಟುಂಬಗಳು ಈ ನಗರದಲ್ಲಿ ಕಡಿಮೆಯಿಲ್ಲ.

‘ಧೂಳಿನಲ್ಲಿ ಮಕ್ಕಳು, ವಯಸ್ಸಾದವರು ಇರುವುದು ಹೇಗೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಬ್ಬಸವಿರುವ ನನ್ನ ಅತ್ತೆಯನ್ನು ನಾವೂ ನಾದಿನಿಯ ಮನೆಗೆ ಡೊಂಬಿವಿಲಿಗೆ ಕಳಿಸಿದೆವು. ಕಟ್ಟಡವೇ ಅಪಾಯಕಾರಿ ಎಂದು ಘೋಷಣೆಯಾದರೆ ಯಾರೂ ಅಲ್ಲಿ ನಿಲ್ಲಕೂಡದು. ಜೀವಕ್ಕಿಂತ ಪಗಡಿ ದೊಡ್ಡದಲ್ಲ. ಕಟ್ಟಡ ಗಟ್ಟಿಯಾಗಿದ್ದು ಕೆಲಸ ಮಾತ್ರ ನಡೆಯುತ್ತಿದ್ದರೆ, ಮನೆಯ ದೊಡ್ಡವರಲ್ಲಿ ಒಬ್ಬರಾದರೂ ಉಳಿಯಬೇಕು ಎನ್ನುವುದಷ್ಟೇ ನನ್ನ ಮಾತು.

ಹಾಗೆ ಉಳಿಯುವ ಶಕ್ತಿಯನ್ನು ನಮಗೆ ಕೊಟ್ಟವರು ಗೆಳೆಯರು. ಶಿರಸಿ, ಕಾರ್ಕಳ, ಧಾರವಾಡ, ಕಾಸರಗೋಡು ಕಡೆಯ ಐದು ಮನೆಯವರು ಸೇರಿ ಒಂದು ಕರಾರು ಮಾಡಿಕೊಂಡೆವು: ಕೆಲಸ ಮುಗಿಯುವವರೆಗೆ ಪ್ರತಿ ಭಾನುವಾರ ನಮ್ಮ ಮನೆಯವರನ್ನು ಧೂಳಿನಿಂದ ಹೊರಗೆ ಎಳೆಯುವುದು. ಭಾನುವಾರದ ಫೋರ್ಟ್ ಬೇರೆಯೇ ಊರು. ಕಚೇರಿಗಳು ಮುಚ್ಚಿ ರಸ್ತೆಗಳು ಖಾಲಿ. ಹಾರ್ನಿಮನ್ ಸರ್ಕಲ್‌ನ ಮರಗಳ ಕೆಳಗೆ ಮಕ್ಕಳು ಓಡಾಡುತ್ತಾರೆ. ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ನೀರುದೋಸೆ ತಿನ್ನಬಹುದು. ರೈಲ್ವೆಯವರ ಮೆಗಾ ಬ್ಲಾಕ್ ಇಲ್ಲದಿದ್ದರೆ ಮಾಟುಂಗಾಕ್ಕೆ ಹೋಗಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕವೋ ತಾಳಮದ್ದಳೆಯೋ ಇದ್ದರೆ ಸಂಜೆಗೂ ಅಲ್ಲೇ. ಒಂದು ವಾರ ಗೇಟ್‌ವೇಯಿಂದ ದೋಣಿ ಹತ್ತಿ ಎಲಿಫೆಂಟಾ ನೋಡಿ ಬಂದೆವು.

ಕಾಲಾ ಘೋಡಾದಲ್ಲಿ ನಡೆಯುವಾಗಲೆಲ್ಲ ಎಸ್ಪ್ಲನೇಡ್ ಮ್ಯಾನ್ಷನ್ ಎದುರು ನಮ್ಮ ಹೆಜ್ಜೆ ನಿಧಾನವಾಗುತ್ತಿತ್ತು. ಅದು ಹಿಂದಿನ ವಾಟ್ಸನ್ ಹೋಟೆಲ್. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲಿಯೇ. ಎರಕದ ಕಬ್ಬಿಣದ ಅಂಥ ಕಟ್ಟಡವನ್ನೂ ಸಕಾಲಕ್ಕೆ ನೋಡಿಕೊಳ್ಳುವವರಿಲ್ಲದೆ 2019ರಲ್ಲಿ ಒಳಗಿದ್ದವರನ್ನೆಲ್ಲ ತೆರವುಗೊಳಿಸಬೇಕಾಯಿತು. ಮುಂದಿನ ಸಭೆಯಲ್ಲಿ ಏನು ಕೇಳಬೇಕು ಎಂದು ನಾವು ಚರ್ಚಿಸಿದ್ದೂ ಇಂಥ ನಡಿಗೆಗಳಲ್ಲೇ. ಕಾಸರಗೋಡಿನ ಗೆಳೆಯ ವಕೀಲ, ಧಾರವಾಡದವರು ಸಿವಿಲ್ ಎಂಜಿನಿಯರ್. ಹಾಗಾಗಿ ಈ ತಿರುಗಾಟಕ್ಕೆ ಆದ ಖರ್ಚು ರಿಪೇರಿಯ ಖರ್ಚಿನಲ್ಲೇ ಸೇರಬೇಕಾದದ್ದು ಎಂದು ನಾನು ತಿಳಿದಿದ್ದೇನೆ.

ಇದು ನಮಗೆ ಹೊಸದೇನೂ ಅಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗಿದ ಹುಡುಗರು ಈ ನಗರದಲ್ಲಿ ಸಂಘಗಳನ್ನು ಕಟ್ಟಿದವರು. ಸ್ವಂತದ ಕೋಣೆಯಿಲ್ಲದವರು ಎಲ್ಲರಿಗೂ ಆಗುವ ಸಭಾಭವನ ಕಟ್ಟಿಸಿದರು. ಅವರ ಮಕ್ಕಳು, ಅಳಿಯಂದಿರಾದ ನಾವು ಒಂದು ಕಟ್ಟಡದ ಸಭೆಗೆ ಹೋಗಲಾರೆವೇ?

ಕಡೆಗೆ ಕೆಲವು ಕೆಲಸದ ಮಾತು. ರಿಪೇರಿಗೆ ಮುಂಚೆ ಕೋಣೆಯ ಅಳತೆ ತೆಗೆದು ಮಾಲೀಕರಿಂದ ಸಹಿ ಮಾಡಿಸಿಕೊಳ್ಳಿ. ಪ್ರತಿ ಗೋಡೆಯ ಫೋಟೊ ಇರಲಿ. ಬಾಡಿಗೆ ರಸೀದಿ, ವಿದ್ಯುತ್ ಬಿಲ್ಲು ಒಂದೇ ಕಡತದಲ್ಲಿರಲಿ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಕಾನೂನು ಪ್ರಕಾರ ಬೇಕಾದ ಸ್ಟ್ರಕ್ಚರಲ್ ಆಡಿಟ್ ವರದಿಯ ಪ್ರತಿ ಕೇಳಿ. ಮನೆ ಬಿಡಲೇಬೇಕಾದರೆ, ಮರಳಿ ಬರುವ ದಿನ ಬರೆದ ಪತ್ರ ಕೈಗೆ ಬರುವವರೆಗೆ ಕೀಲಿಕೈ ಕೊಡಬೇಡಿ. ಪುಣೆಯಲ್ಲಿರಿ, ದುಬೈಯಲ್ಲಿರಿ, ಇವುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಗೂ ಸಲ್ಲುತ್ತದೆ. ನೋಟಿಸ್ ಬಿದ್ದ ದಿನ ರೈಲಿನ ಟಿಕೆಟ್ ಹುಡುಕುವ ಮೊದಲು, ಬಾಡಿಗೆದಾರರ ಸಭೆ ಎಷ್ಟು ಗಂಟೆಗೆ ಎಂದು ವಿಚಾರಿಸಿ.