ಸೂಜಿಮದ್ದೂ ಮಾತ್ರೆಯೂ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಭತ್ತವೂ ಕಬ್ಬೂ ಸಮೃದ್ಧವಾಗಿ ಬೆಳೆದುವು. ಆ ಸಮೃದ್ಧಿಯ ಭಾರವನ್ನು ಹೊತ್ತವು, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕಿತ್ತ, ಕಬ್ಬಿನ ಹೊರೆಯನ್ನು ತಲೆಯ ಮೇಲಿಟ್ಟು ಗಾಡಿಗೆ ಸಾಗಿಸಿದ ಜನರ ಮಂಡಿಗಳು. ವಯಸ್ಸು, ಮೈಭಾರ, ಹಳೆಯ ಪೆಟ್ಟುಗಳೊಡನೆ ಇಂತಹ ದುಡಿಮೆಯೂ ಸೇರಿ ಜಾನುಸಂಧಿಯ ಮೃದ್ವಸ್ಥಿ ಸವೆದು, ನೆಲದಿಂದ ಏಳುವುದೇ ದುಸ್ತರವಾದಾಗ, ಮಾತ್ರೆಯೊಡನೆ ಕೀಲಿಗೆ ಸೂಜಿಮದ್ದನ್ನೂ ಹಾಕಿಸಿಕೊಂಡರೆ ಉಪಶಮನವು ಇಮ್ಮಡಿಯಾದೀತೇ ಎಂಬ ಪ್ರಶ್ನೆ ಏಳುವುದು ಸಹಜ.

ಆದೀತೆಂದು ನಾನು ಎಣಿಸಲಾರೆ. ಡೈಕ್ಲೋಫೆನಾಕ್‌ನಂತಹ ಮಾತ್ರೆಯೂ ಸ್ಟೀರಾಯ್ಡ್ ಸೂಜಿಮದ್ದೂ ತಣಿಸುವುದು ಉರಿಯೂತವನ್ನೇ. ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವ ಶಕ್ತಿ ಎರಡಕ್ಕೂ ಇಲ್ಲ. ಮಾತ್ರೆಯು ರಕ್ತದೊಡನೆ ಸಂಚರಿಸಿ ಜಠರ, ಮೂತ್ರಪಿಂಡ, ಹೃದಯಗಳನ್ನೂ ಬಾಧಿಸಬಹುದು. ಅಮೆರಿಕದ ಜೋಸೆಫ್ ಹಾಲೆಂಡರ್ ಮತ್ತು ಸಂಗಡಿಗರು 1951ರಲ್ಲಿ ವರದಿಮಾಡಿದ ಕೀಲಿನ ಸೂಜಿಮದ್ದಾದರೋ ಬಹುಮಟ್ಟಿಗೆ ಕೀಲಿನಲ್ಲಿಯೇ ವರ್ತಿಸಿ ಕೆಲವು ವಾರಗಳ ಶಮನವನ್ನು ಮಾತ್ರ ಕೊಡತಕ್ಕದ್ದು. ಆದುದರಿಂದ ರಕ್ತದೊತ್ತಡವೋ ಮೂತ್ರಪಿಂಡದ ದೌರ್ಬಲ್ಯವೋ ಇರುವ ವೃದ್ಧರಲ್ಲಿ ಸೂಜಿಮದ್ದಿನ ದೆಸೆಯಿಂದ ಮಾತ್ರೆ ಕಡಮೆಯಾಗುವುದಾದರೆ ಈ ಸಂಯೋಗಕ್ಕೆ ಅರ್ಥವುಂಟು. ಮಾತ್ರೆ ಮೊದಲಿನಷ್ಟೇ ಉಳಿದು ಅದರ ಮೇಲೆ ಸೂಜಿಮದ್ದು ಸೇರುವುದಾದರೆ ಅಪಾಯವೇ ಅಧಿಕ.

ಸೂಜಿಮದ್ದನ್ನು ಪದೇ ಪದೇ ಹಾಕಿಸುವುದೂ ನಿರಪಾಯವಲ್ಲ. 2017ರಲ್ಲಿ ಪ್ರಕಟವಾದ, 140 ರೋಗಿಗಳ ಒಂದು ಪರೀಕ್ಷೆಯಲ್ಲಿ, ಎರಡು ವರ್ಷ ಹನ್ನೆರಡು ವಾರಗಳಿಗೊಮ್ಮೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಸೂಜಿಮದ್ದನ್ನು ಪಡೆದವರ ನೋವು, ಬರಿಯ ಲವಣಜಲ ಪಡೆದವರ ನೋವಿಗಿಂತ ಹೆಚ್ಚಾಗಿ ತಗ್ಗಲಿಲ್ಲ. ಮೃದ್ವಸ್ಥಿಯ ನಷ್ಟವು ಮಾತ್ರ ಹೆಚ್ಚಾಯಿತು. 2020ರ ಮತ್ತೊಂದು ಪರೀಕ್ಷೆಯಲ್ಲಿ 156 ಮಂದಿಯ ಪೈಕಿ ವ್ಯಾಯಾಮಚಿಕಿತ್ಸೆ ಪಡೆದವರು, ಸೂಜಿಮದ್ದು ಪಡೆದವರಿಗಿಂತ ಒಂದು ವರ್ಷದ ಕೊನೆಗೆ ಉತ್ತಮ ಸ್ಥಿತಿಯಲ್ಲಿದ್ದರು. ಆದುದರಿಂದ ಸೂಜಿಮದ್ದಿನಿಂದ ನೋವು ತಗ್ಗಿದ ಆ ಕೆಲವು ವಾರಗಳು ತೊಡೆಯ ಸ್ನಾಯುಗಳನ್ನು ಬಲಪಡಿಸುವುದಕ್ಕೆ ದೊರೆತ ಅವಕಾಶವೆಂದೇ ನನ್ನ ಭಾವನೆ.

ಆದರೆ ನೋವು ಮರೆಯಾದೊಡನೆ ಕೂಲಿಯಾಳು ಮರುದಿನವೇ ಕಬ್ಬಿನ ಹೊರೆಗೆ ತಲೆಗೊಡುವುದುಂಟು. ಅದನ್ನು ಅಜ್ಞಾನವೆಂದು ಹಳಿಯುವುದು ಅನ್ಯಾಯ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಗಳು ಈಗಲೂ ಇವೆ. ಅಂತಹವರಿಗೆ ವಿಶ್ರಾಂತಿಯನ್ನು ಬರಿಯ ಬಾಯಿಮಾತಿನಲ್ಲಿ ವಿಧಿಸಿ ಫಲವಿಲ್ಲ. ಹೊರೆಯನ್ನು ಎಷ್ಟು ಕಿರಿದುಮಾಡಬಹುದು, ಕಳೆ ಕೀಳುವಾಗ ತಗ್ಗಾದ ಮಣೆಯ ಮೇಲೆ ಕುಳಿತುಕೊಳ್ಳಬಹುದೇ ಎಂಬುದನ್ನು ವೈದ್ಯನು ಅವರೊಡನೆ ಕುಳಿತು ವಿಚಾರಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಸೂಜಿಯ ಬಳಿಕ ಕೆಲವು ದಿನ ರಕ್ತದ ಸಕ್ಕರೆ ಏರುವ ಸಂಭವವಿರುವುದರಿಂದ, ಮಂಡ್ಯದ ಆಸ್ಪತ್ರೆಯಿಂದ ಮಳವಳ್ಳಿಯ ಬಸ್ಸು ಹತ್ತುವ ಮೊದಲೇ ಅದನ್ನು ಯಾವಾಗ ಪರೀಕ್ಷಿಸಿಕೊಳ್ಳಬೇಕು, ಯಾವ ನೋವಿನ ಮಾತ್ರೆಯನ್ನು ಎಂದಿನಿಂದ ಬಿಡಬೇಕು ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಡುವುದು ಅವಶ್ಯ.