ಕಾಯಕದ ಹೆಸರಿನಲ್ಲಿ ಕೈ ಸುಡಬೇಡಿ



"ಕಾಯಕ ಮಾಡುವವನು ನೋವಿನ ಲೆಕ್ಕ ಇಡಬಾರದು" ಎಂಬ ಮಾತನ್ನು ನಮ್ಮ ಭಾಗದ ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಈ ಮಾತನ್ನು ಆಡುವವರು ಹೆಚ್ಚಾಗಿ ದುಡಿಸುವವರು, ದುಡಿಯುವವರಲ್ಲ. ಶರಣರು ಕಾಯಕಕ್ಕೆ ಕೈಲಾಸದ ಸ್ಥಾನ ಕೊಟ್ಟದ್ದು ದುಡಿಯುವವನನ್ನು ಮೇಲಕ್ಕೆತ್ತಲು. ಅವನ ಬಾಯಿ ಮುಚ್ಚಿಸಲು ಅಲ್ಲ. ದೇಹವನ್ನೇ ದೇಗುಲವೆಂದು ಕಂಡ ಬಸವಣ್ಣನವರು, ಆ ದೇಗುಲ ಹೊಗೆಯಲ್ಲಿ, ದೂಳಿನಲ್ಲಿ, ಕುದಿನೀರಿನಲ್ಲಿ ದಿನದಿನವೂ ಶಿಥಿಲವಾಗುತ್ತಿದ್ದರೆ ಸಹಿಸಿಕೊಂಡಿರಿ ಎನ್ನುತ್ತಿದ್ದರೇ?

ನಾನು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಹದಿನೇಳು ವರ್ಷ ದುಡಿದವನು. ಕಾರ್ಮಿಕ ಸಂಘದ ಮೂಲಕ ಸುರಕ್ಷತೆಯ ತರಬೇತಿ ಪಡೆದು, ಈಗ ಅದನ್ನೇ ಇತರರಿಗೆ ಹೇಳಿಕೊಡುತ್ತಿದ್ದೇನೆ. ನನ್ನ ವಾದ ಇಷ್ಟೇ: ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ಮತ್ತು ಪರಿಸರದ ಪಾಠ ಮಾಲೀಕರ ದಯೆಯಿಂದ ವರ್ಷಕ್ಕೊಮ್ಮೆ ನಡೆಯುವ ಸಮಾರಂಭವಾಗಬಾರದು. ಅದನ್ನು ಕಾರ್ಮಿಕರ ಸಂಘವೇ ನಡೆಸಬೇಕು. ಅದು ಬಿಡದಿಯ ಗೇಟಿನಲ್ಲೇ ನಿಲ್ಲದೆ ರಾಮನಗರದ ರೇಷ್ಮೆ ಬಿಚ್ಚಾಣಿಕೆ ಮನೆಗೆ, ಚನ್ನಪಟ್ಟಣದ ಲೇತಿನ ಬಳಿಗೆ, ಕನಕಪುರ ಮಾಗಡಿಗಳ ಕಲ್ಲುಕ್ವಾರಿಗೆ ಹೋಗಬೇಕು.

ಮೊದಲು ರಾಮನಗರ ನೋಡಿ. ಇಲ್ಲಿನ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಮ್ಮೆಪಡುತ್ತೇವೆ. ಮಾರುಕಟ್ಟೆಯಿಂದ ಹೊರಟ ಗೂಡು ಎಲ್ಲಿಗೆ ಹೋಗುತ್ತದೆ? ಗೂಡನ್ನು ಕುದಿನೀರಿನಲ್ಲಿ ಬೇಯಿಸಿ, ಬಿಸಿನೀರಿನಲ್ಲೇ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ದಿನವಿಡೀ ನೆನೆದ ಚರ್ಮ ಬಿಳಿಚಿ, ಬಿರಿದು, ಹುಣ್ಣಾಗುತ್ತದೆ. ಒಲೆಯ ಹೊಗೆ, ಹಬೆ, ಬೆಂದ ಹುಳುವಿನ ನಾತ ಸೇರಿ ಉಬ್ಬಸ ತರುತ್ತವೆ. ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಮಕ್ಕಳೂ ಹೀಗೆ ಬೆಂದದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ಜಗತ್ತಿಗೆ ಹೇಳಿತು. ನಮ್ಮ ಪಕ್ಕದ ಬೀದಿಯ ಸುದ್ದಿ ಹೊರದೇಶದಿಂದ ಬರಬೇಕಾಯಿತು. ಬಿಚ್ಚಾಣಿಕೆಯಲ್ಲಿ ದುಡಿಯುವವರಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿದ್ದಾರೆ, ದಲಿತರಿದ್ದಾರೆ. "ಅವರು ನಮ್ಮವರಲ್ಲವಲ್ಲ" ಎಂದು ಯಾರಾದರೂ ಒಳಗೊಳಗೇ ಅಂದುಕೊಂಡರೆ, ಯಾರನ್ನೂ ಹೊರಗಿನವರೆಂದು ಕಾಣಬಾರದೆಂದು ಕಲಿಸಿದ ಪರಂಪರೆಯ ಹೆಸರು ಹೇಳುವ ಹಕ್ಕು ಅವರಿಗಿಲ್ಲ.

ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅರಗಿಗೆ ಸಸ್ಯಜನ್ಯ ಬಣ್ಣ ಬೆರೆಸಿದ್ದು, ಮಗು ಬಾಯಿಗಿಟ್ಟುಕೊಂಡರೂ ಅಪಾಯವಿಲ್ಲ ಎಂದು ಮಾರುತ್ತೇವೆ. ಒಳ್ಳೆಯದೇ. ಆದರೆ ಬೊಂಬೆ ಕಡೆಯುವವನ ಎದೆಗೆ ಅಪಾಯವಿಲ್ಲವೇ? ಆಲೆ ಮರ ಲೇತಿನಲ್ಲಿ ತಿರುಗುವಾಗ ಏಳುವ ಹುಡಿ ಮೂಗಿನೊಳಗೇ ಹೋಗುತ್ತದೆ. ಮರದ ಹುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೂರು ದಶಕಗಳ ಹಿಂದೆಯೇ ಹೇಳಿದೆ. ಕೊಳ್ಳುವ ಮಗುವಿನ ಬಾಯಿಯನ್ನು ನೆನೆದವರು ಕಡೆಯುವ ತಾಯಿಯ ಮೂಗನ್ನು ಮರೆತರು. ಬೆಲ್ಟಿಗೆ ಮರೆಯಿಲ್ಲದ ಲೇತಿನ ಮುಂದೆ ಸೀರೆಯ ಸೆರಗು ಬಿಟ್ಟುಕೊಂಡು ಕೂರುವ ಅವಳಿಗೆ ಆ ಮರೆಯ ಮಾತನ್ನು ಯಾರೂ ಹೇಳಿಲ್ಲ.

ಇನ್ನು ಕನಕಪುರ ಮತ್ತು ಮಾಗಡಿ. ಎರಡೂ ತಾಲ್ಲೂಕುಗಳ ಗ್ರಾನೈಟಿಗೆ ಹೊರಗೆ ಹೆಸರಿದೆ, ಬೆಲೆಯಿದೆ. ನೀರು ಹಾಕದೆ ಒಣಗಲ್ಲಿಗೆ ಡ್ರಿಲ್ ಹಾಕಿದಾಗ ಏಳುವ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಒಮ್ಮೆ ಬಂದರೆ ಈ ರೋಗ ಗುಣವಾಗುವುದಿಲ್ಲ. ಅದನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಇದು ಹೊಸ ರೋಗವೂ ಅಲ್ಲ, ಕೋಲಾರದ ಚಿನ್ನದ ಗಣಿಗಳಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಗುರುತಿಸಿದ್ದರು. ಗಣಿ ಕಾರ್ಮಿಕರಿಗೆ ತರಬೇತಿ ಕಡ್ಡಾಯವೆಂದು 1966ರ ನಿಯಮಗಳೇ ಹೇಳುತ್ತವೆ. ನಾನು ಮಾತನಾಡಿಸಿದ ಕ್ವಾರಿಯ ಆಳುಗಳಲ್ಲಿ ಒಬ್ಬನಿಗೂ ಅಂಥ ತರಬೇತಿ ಸಿಕ್ಕಿರಲಿಲ್ಲ.

"ಕಾರ್ಖಾನೆಗಳಲ್ಲಿ ಸುರಕ್ಷತಾ ಸಪ್ತಾಹ ನಡೆಯುತ್ತದಲ್ಲ" ಎನ್ನಬಹುದು. ನಡೆಯುತ್ತದೆ. ಪ್ರತಿ ಮಾರ್ಚ್ 4ರಂದು ಬ್ಯಾನರು, ಪ್ರತಿಜ್ಞೆ, ಘೋಷವಾಕ್ಯದ ಸ್ಪರ್ಧೆ, ಒಂದು ಪೊಟ್ಟಣ ಸಿಹಿ. ಅಲ್ಲಿ ಕಲಿಸುವುದು ಒಂದೇ ಪಾಠ: ಎಚ್ಚರಿಕೆಯಿಂದಿರು, ತಪ್ಪಾದರೆ ಅದು ನಿನ್ನದು. ನಾನಿದ್ದ ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಎರಡು ಗುಂಡಿಗಳಿದ್ದವು. ಎರಡು ಕೈಯಿಂದಲೂ ಒತ್ತಿದರೆ ಮಾತ್ರ ಯಂತ್ರ ಇಳಿಯಬೇಕು, ಕೈ ಒಳಗೆ ಸಿಗದಿರಲೆಂದೇ ಆ ಏರ್ಪಾಡು. ಗುರಿ ಮುಟ್ಟುವ ಅವಸರದಲ್ಲಿ ಒಂದು ಗುಂಡಿಗೆ ಟೇಪು ಸುತ್ತಿಸಿದರು. ನನ್ನ ಜೊತೆಗಾರ ಎರಡು ಬೆರಳು ಕಳೆದುಕೊಂಡ. ವರದಿಯಲ್ಲಿ ಬರೆದದ್ದು "ಕಾರ್ಮಿಕನ ಅಜಾಗರೂಕತೆ". ಮಾಲೀಕರ ತರಬೇತಿ ಪಡೆದವರು ಆ ವರದಿಗೆ ಸಹಿ ಹಾಕಿದರು. ಸಂಘದ ತರಬೇತಿ ಪಡೆದವರು ಟೇಪು ಸುತ್ತಿಸಿದವರು ಯಾರು, ಗುರಿ ಏರಿಸಿದವರು ಯಾರು ಎಂದು ಕೇಳಿದರು. ಎರಡು ತರಬೇತಿಗಳ ನಡುವಿನ ವ್ಯತ್ಯಾಸ ಇದು.

ಸಂಘದ ತರಬೇತಿಗೆ ದೊಡ್ಡ ಓದು ಬೇಕಿಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಮನುಷ್ಯಾಕೃತಿ ಬರೆಯುತ್ತೇವೆ. ಎಲ್ಲಿ ನೋಯುತ್ತದೋ ಅಲ್ಲಿ ಒಬ್ಬೊಬ್ಬರೂ ಬಂದು ಚುಕ್ಕಿ ಇಡಬೇಕು. ಒಂದೇ ಜಾಗದಲ್ಲಿ ಹತ್ತು ಚುಕ್ಕಿ ಬಿದ್ದಾಗ, ನೋವು ತನ್ನ ಹಣೆಬರಹವೆಂದುಕೊಂಡಿದ್ದ ಹೆಂಗಸಿಗೆ ಅದು ಬೇಸಿನ್ನಿನ ಎತ್ತರದಿಂದ ಬಂದದ್ದೆಂದು ತಾನಾಗಿಯೇ ತಿಳಿಯುತ್ತದೆ. ಆಮೇಲೆ ಕೆಲಸದ ಜಾಗದ ನಕ್ಷೆ ಬರೆದು ಅಪಾಯ ಗುರುತಿಸುತ್ತೇವೆ. ಇಟಲಿಯ ಟ್ಯೂರಿನ್ನಿನ ಮೋಟಾರು ಕಾರ್ಮಿಕರು 1960ರ ದಶಕದಲ್ಲೇ ಇಂಥ ನಕ್ಷೆಗಳನ್ನು ಬರೆದರು. ಬ್ರಿಟನ್ನಿನಲ್ಲಿ ಸುರಕ್ಷತಾ ಪ್ರತಿನಿಧಿಯನ್ನು ಸಂಘವೇ ನೇಮಿಸಲು, ಅವನು ಸಂಬಳ ಸಹಿತ ರಜೆಯಲ್ಲಿ ತರಬೇತಿ ಪಡೆಯಲು 1977ರ ನಿಯಮಗಳು ಅವಕಾಶ ಕೊಟ್ಟವು.

ನಮ್ಮಲ್ಲಿ ಕಾನೂನೇ ಇರಲಿಲ್ಲವೆನ್ನುವಂತಿಲ್ಲ. 1984ರ ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕೆಲಸವಿರುವಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮಪಾಲಿರುವ ಸುರಕ್ಷತಾ ಸಮಿತಿ, ಮಾಹಿತಿ ಕೇಳುವ ಹಕ್ಕು, ತರಬೇತಿ ಪಡೆಯುವ ಹಕ್ಕು ಎಲ್ಲವನ್ನೂ ಬರೆದರು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಅದರಲ್ಲೂ ತರಬೇತಿ ಕೊಡುವುದು ಮಾಲೀಕನ ಹೊಣೆ, ಅಪಾಯ ಕಂಡರೆ ತಿಳಿಸುವುದು ಕಾರ್ಮಿಕನ ಹಕ್ಕು. ಆದರೆ ಹಿಂದೆ ವಿದ್ಯುತ್ ಬಳಸುವಲ್ಲಿ 10 ಜನರಿದ್ದರೆ ಕಾರ್ಖಾನೆ ಎನಿಸುತ್ತಿತ್ತು, ಸಂಹಿತೆಯಲ್ಲಿ ಅದು 20. ಮನೆಯ ಹಿಂದಿನ ಶೆಡ್ಡಿನಲ್ಲಿ ಐದಾರು ಜನ ದುಡಿಯುವ ಬಿಚ್ಚಾಣಿಕೆ ಮನೆಗೆ ಹಿಂದೆಯೂ ಇನ್‌ಸ್ಪೆಕ್ಟರ್ ಬರಲಿಲ್ಲ, ಮುಂದೆಯೂ ಬರುವುದಿಲ್ಲ. ಇದರ ಮೇಲೆ ದಿನಕ್ಕೆ 12 ಗಂಟೆ ದುಡಿಸಲು 2023ರಲ್ಲಿ ನಮ್ಮ ರಾಜ್ಯವೇ ದಾರಿ ಮಾಡಿಕೊಟ್ಟಿತು. ಹನ್ನೆರಡನೆಯ ಗಂಟೆಯಲ್ಲಿ ಯಾರ ಕೈ ತಾನೇ ಎಚ್ಚರವಾಗಿರುತ್ತದೆ?

"ಸಣ್ಣ ಮಾಲೀಕನ ಬಳಿ ದುಡ್ಡೆಲ್ಲಿದೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ನೂಲಿನ ಬೆಲೆ ಬಿದ್ದರೆ ಬಿಚ್ಚಾಣಿಕೆದಾರನೂ ಸಾಲಗಾರನೇ. ಆದರೆ ಗೂಡು ತಿರುವಲು ಸೌಟು, ಒಲೆಗೆ ಹೊಗೆ ಕೊಳವೆ, ಬೆಲ್ಟಿಗೆ ತಗಡಿನ ಮರೆ, ಡ್ರಿಲ್ಲಿನ ಬಾಯಿಗೆ ನೀರಿನ ಪೈಪು, ಇವಕ್ಕೆ ಲಕ್ಷಗಳು ಬೇಕಿಲ್ಲ. ಇವನ್ನು ಕೇಳಲು ತಿಳಿದವರು ಬೇಕು, ಕೇಳಿದವನನ್ನು ಮರುದಿನ ಕೆಲಸದಿಂದ ತೆಗೆಯದಂತೆ ಅವನ ಬೆನ್ನಿಗೆ ಸಂಘ ಬೇಕು.

"ಸಂಘ ಬಂದರೆ ಜಗಳ" ಎನ್ನುವವರು 2020ರ ನವೆಂಬರಿನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಆದ ಲಾಕೌಟನ್ನು ತೋರಿಸುತ್ತಾರೆ. ಆಗ ಸಂಘ ಹೇಳಿದ್ದು ಕೆಲಸದ ಹೊರೆ ಮಿತಿಮೀರಿದೆ ಎಂದು. ಕಂಪನಿ ಅದನ್ನು ಶಿಸ್ತಿನ ಪ್ರಶ್ನೆ ಎಂದಿತು. ಅಂದರೆ ಬೆನ್ನು, ಭುಜ, ಉಸಿರಿನ ಪ್ರಶ್ನೆಯನ್ನು ಎತ್ತಿದರೆ ಅದು ಅಶಿಸ್ತು! ಹೊರೆ ಎಷ್ಟಿರಬೇಕೆಂಬುದು ಆರೋಗ್ಯದ ಪ್ರಶ್ನೆಯೆಂದು ಎಲ್ಲರೂ ಒಪ್ಪಿದ್ದರೆ ಜಗಳ ಗೇಟಿನವರೆಗೆ ಬರುತ್ತಿರಲಿಲ್ಲ.

ನಮ್ಮ ಸಂಘಗಳಿಗೂ ಒಂದು ಮಾತು. ಬೇಡಿಕೆಪಟ್ಟಿಯಲ್ಲಿ ಬೋನಸ್ಸು, ಬಡ್ತಿ, ಬಸ್ಸು ಇರುತ್ತವೆ, ದೂಳು ಇರುವುದಿಲ್ಲ. ಗುತ್ತಿಗೆಯವರು ಸಂಘದ ಹೊರಗೆ, ಅಪಾಯದ ಕೆಲಸ ಅವರ ಪಾಲಿಗೆ. ಬಿಡದಿ, ಹಾರೋಹಳ್ಳಿಗಳ ಬಲವಾದ ಸಂಘಗಳು ಹತ್ತು ಮೈಲಿ ದೂರದ ಬಿಚ್ಚಾಣಿಕೆ ಮನೆಗೆ ಒಂದು ದಿನ ಹೋಗಿ ಪಾಠ ಹೇಳಿದರೆ ಅದೇ ದಾಸೋಹ. ಕಾರ್ಮಿಕ ಶಿಕ್ಷಣಕ್ಕೆಂದು 1958ರಿಂದ ಕೇಂದ್ರ ಮಂಡಳಿಯೊಂದಿದೆ, ಈಗ ಅದಕ್ಕೆ ದತ್ತೋಪಂತ ಠೇಂಗಡಿಯವರ ಹೆಸರು. ಅಸಂಘಟಿತರಿಗೂ ಅದು ಶಿಬಿರ ನಡೆಸುತ್ತದೆ. ಕರೆಯಿರಿ.

ಪರಿಸರವೂ ಈ ಪಾಠದ ಭಾಗವೇ. ಬೆಂಗಳೂರಿನ ಕಾರ್ಖಾನೆಗಳ ಮತ್ತು ಚರಂಡಿಗಳ ಕೊಳೆ ವೃಷಭಾವತಿಯಲ್ಲಿ ಹರಿದು ಬೈರಮಂಗಲ ಕೆರೆ ಸೇರುತ್ತದೆ. ಆ ನೊರೆನೀರಿನಲ್ಲೇ ನಮ್ಮ ರೈತರು ಬೆಳೆ ತೆಗೆಯುತ್ತಾರೆ, ದನಕ್ಕೆ ಹುಲ್ಲು ಕೊಯ್ಯುತ್ತಾರೆ. ಊರಿನ ಕೆರೆಗೆ ಬರುವ ವಿಷ ಮೊದಲು ಕಾರ್ಮಿಕನ ಕೈ ದಾಟಿಯೇ ಬರುತ್ತದೆ. ಯಾವ ಪೈಪಿನಲ್ಲಿ, ಯಾವ ಹೊತ್ತಿನಲ್ಲಿ, ಏನು ಬಿಡುತ್ತಾರೆಂದು ಅವನಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ. ಅವನಿಗೆ ಹೇಳುವ ಧೈರ್ಯ ಬಂದರೆ ಅರ್ಧ ಕೆರೆ ಉಳಿದಂತೆ.

ಕೊನೆಗೆ, ನಮ್ಮ ಮಠಗಳ ಪೂಜ್ಯ ಬುದ್ಧಿಯವರಲ್ಲಿ ಮೂರು ಬಿನ್ನಹ. ತಿಂಗಳಿಗೊಂದು ಭಾನುವಾರ ಮಠದ ಸಭಾಂಗಣವನ್ನು ಈ ಪಾಠಕ್ಕೆ ಬಿಟ್ಟುಕೊಡಿ. ಮಾಲೀಕರ ಕಣ್ಣಿಗೆ ಬೀಳದೆ ಕೂಲಿಯವರು ಸೇರಲು ಬೇರೆ ಜಾಗವಿಲ್ಲ. ಜಾತ್ರೆಯ ಆರೋಗ್ಯ ಶಿಬಿರದಲ್ಲಿ ಕಣ್ಣು, ಸಕ್ಕರೆ ನೋಡುವ ವೈದ್ಯರಿಗೆ "ಏನು ಕೆಲಸ ಮಾಡುತ್ತೀಯಪ್ಪ?" ಎಂದು ಕೇಳಿ ಬರೆದುಕೊಳ್ಳಲು ಹೇಳಿ, ಕ್ಷಯವೋ ಸಿಲಿಕೋಸಿಸ್ಸೋ ಎಂಬ ಅನುಮಾನ ಆ ಒಂದು ಪ್ರಶ್ನೆಯಿಂದಲೇ ಹುಟ್ಟುತ್ತದೆ. ಮೂರನೆಯದು ಸ್ವಲ್ಪ ಕಟುವಾದದ್ದು: ಹೊಸ ಕಟ್ಟಡಕ್ಕೆ ಕಲ್ಲು ತರಿಸುವಾಗ, ಸನ್ಮಾನಕ್ಕೆ ರೇಷ್ಮೆ ಶಾಲು ಕೊಳ್ಳುವಾಗ, ಇದನ್ನು ಒಡೆದವನ ಎದೆ, ಇದರ ನೂಲು ತೆಗೆದವಳ ಬೆರಳು ಹೇಗಿವೆ ಎಂದು ವ್ಯಾಪಾರಿಯನ್ನು ಕೇಳಿ. ಮಠದಿಂದ ಆ ಪ್ರಶ್ನೆ ಒಮ್ಮೆ ಬಂದರೆ, ಸುರಕ್ಷತಾ ಸಪ್ತಾಹದ ನೂರು ಬ್ಯಾನರುಗಳು ಮಾಡದ ಕೆಲಸ ಆಗುತ್ತದೆ.