ಕೆಂಡದ ಲೆಕ್ಕ

"ರಸಾಯನಶಾಸ್ತ್ರದಲ್ಲೂ ಇಷ್ಟೊಂದು ಗಣಿತ ಯಾಕೆ?" ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡ ಹೆಣ್ಣು ಮಕ್ಕಳ ದೂರು ಇದು. ಎಂಥಾಲ್ಪಿಯ ಪಾಠ ಬಂದಾಗಲಂತೂ ದೂರು ಇನ್ನೂ ಜೋರು. ಅದು ನಮಗೆ ತಿಳಿಯುವ ವಿಷಯವಲ್ಲವೆಂದು ತಾಯಂದಿರು ಸುಮ್ಮನಾಗುತ್ತಾರೆ. ಆದರೆ ಆ ಲೆಕ್ಕ ನಡೆಯುವುದು ನಮ್ಮ ಒಲೆಯಲ್ಲೇ.

ಎಂಥಾಲ್ಪಿ ಎಂದರೆ ವಸ್ತುವಿನೊಳಗಿರುವ ಶಾಖದ ಇಡುಗಂಟು ಎನ್ನಬಹುದು. ಇಡುಗಂಟು ಒಟ್ಟು ಎಷ್ಟೆಂದು ಅಳೆಯಲಾಗದು. ವಸ್ತು ಬದಲಾಗುವಾಗ ಎಷ್ಟು ಹೊರಬಂತು, ಎಷ್ಟು ಒಳಹೋಯಿತು ಎಂಬುದನ್ನು ಮಾತ್ರ ಲೆಕ್ಕ ಹಾಕಬಹುದು.

ಇದ್ದಿಲನ್ನೇ ನೋಡಿ. ಅದರ ಮುಖ್ಯ ಅಂಶ ಇಂಗಾಲ. 12 ಗ್ರಾಂ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆದರೆ ಸುಮಾರು 393.5 ಕಿಲೋಜೌಲ್ ಶಾಖ ಸಿಗುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಆಗ ಸಿಗುವ ಶಾಖ ಎಷ್ಟು? ನೇರವಾಗಿ ಅಳೆಯುವುದು ಕಷ್ಟ. ಏಕೆಂದರೆ ಎರಡೂ ಅನಿಲಗಳು ಬೆರೆತೇ ಹೊರಬರುತ್ತವೆ.

ಇಲ್ಲಿ ಗಣಿತ ಕೈಹಿಡಿಯುತ್ತದೆ. ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ನೆಲೆಸಿದ್ದ ವಿಜ್ಞಾನಿ ಹೆಸ್ 1840ರಲ್ಲಿ ಒಂದು ನಿಯಮ ಹೇಳಿದರು. ಒಂದೇ ಹೆಜ್ಜೆಯಲ್ಲಿ ಹೋದರೂ ಎರಡು ಹೆಜ್ಜೆಯಲ್ಲಿ ಹೋದರೂ ಒಟ್ಟು ಶಾಖ ಒಂದೇ ಎಂಬುದೇ ಆ ನಿಯಮ. ಮಾನಾಕ್ಸೈಡ್ ಮತ್ತೆ ಉರಿದು ಡೈಆಕ್ಸೈಡ್ ಆಗುವಾಗ ಬರುವ ಶಾಖವನ್ನು ಅಳೆಯಬಹುದು. ಅದು 283 ಕಿಲೋಜೌಲ್. 393.5ರಿಂದ 283 ಕಳೆಯಿರಿ, ಉಳಿಯುವುದು 110.5. ಉಪಕರಣಕ್ಕೆ ಸಿಗದ ಉತ್ತರವನ್ನು ಪ್ರಾಥಮಿಕ ಶಾಲೆಯ ಕಳೆಯುವ ಲೆಕ್ಕ ಕೊಟ್ಟಿತು.

ಈ ವಿದ್ಯೆಯ ಬೇರು ನಮಗೆ ಅಪರಿಚಿತವಲ್ಲ. 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿಯವರು ಬರೆದ ಗ್ರಂಥದಿಂದಲೇ 'ಆಲ್ಜಿಬ್ರಾ' ಎಂಬ ಹೆಸರು ಬಂತು. ವಾರೀಸು ಸೊತ್ತಿನ ಪಾಲಿನ ಲೆಕ್ಕಗಳೂ ಅದರಲ್ಲಿವೆ. ಸಮೀಕರಣದ ಎರಡೂ ಬದಿಯಲ್ಲಿ ಸಮನಾಗಿರುವುದನ್ನು ಹೊಡೆದುಹಾಕುವ ಕ್ರಮವನ್ನು ಅವರು 'ಮುಕಾಬಲ' ಎಂದರು. ಹೆಸ್‌ನ ನಿಯಮದ ಲೆಕ್ಕದಲ್ಲಿ ವಿದ್ಯಾರ್ಥಿನಿ ಮಾಡುವುದೂ ಅದನ್ನೇ.

ಈಗ ಆ 110.5ರ ಅರ್ಥ ನೋಡೋಣ. ಗಾಳಿ ಸಾಲದ ಕೆಂಡ ಮಾನಾಕ್ಸೈಡ್ ಆಗಿ ಹೋದಷ್ಟಕ್ಕೂ ಕೊಡುವುದು ಕಾಲುಭಾಗಕ್ಕಿಂತ ತುಸು ಹೆಚ್ಚು ಶಾಖ ಮಾತ್ರ. ಉಳಿದ ಶಾಖ ಅನಿಲದೊಳಗೇ ಉಳಿಯಿತು. ಆ ಅನಿಲವೋ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ಬಾಣಂತಿಯ ಕೋಣೆಯಲ್ಲಿ ಬೆಚ್ಚಗಿರಲೆಂದು ಕೆಂಡವಿಟ್ಟು ಕಿಟಕಿ ಬಾಗಿಲು ಮುಚ್ಚುವವರು ಇದನ್ನು ಅರಿತಿರಬೇಕು. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡವರೂ ಅಷ್ಟೇ. ಅಂತಹ ಕಡೆ ತಲೆನೋವು, ವಾಕರಿಕೆ, ತಲೆ ತಿರುಗುವುದು ಕಂಡರೆ ಕೂಡಲೇ ಎಲ್ಲರೂ ಹೊರಗಿನ ಗಾಳಿಗೆ ಬರಬೇಕು, ವೈದ್ಯರನ್ನು ಕಾಣಬೇಕು. ಗ್ಯಾಸ್ ಒಲೆಯ ಜ್ವಾಲೆ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಶುಚಿ ಮಾಡಿಸಿ.

ಅಲ್ಲಾಹನು ಸೃಷ್ಟಿಯಲ್ಲಿ ಎಲ್ಲವನ್ನೂ ಅಳತೆಗೆ ತಕ್ಕಂತೆ ಇಟ್ಟಿದ್ದಾನೆ. ಆ ಅಳತೆಯನ್ನು ಓದುವ ಭಾಷೆಯೇ ಗಣಿತ. ಮಗಳು ಎಂಥಾಲ್ಪಿಯ ಪುಸ್ತಕ ಮುಚ್ಚಿಟ್ಟು ಬೇಸರದಿಂದ ಕೂತರೆ ಗದರಬೇಡಿ. ಒಲೆಯ ಬಳಿ ಕರೆದು ಈ ಕೆಂಡದ ಲೆಕ್ಕವನ್ನು ಅವಳಿಂದಲೇ ಮಾಡಿಸಿ. ಆಮೇಲೆ ಬಾಣಂತಿಯ ಕೋಣೆಯ ಕಿಟಕಿಯನ್ನು ಅವಳೇ ತೆರೆದಿಡುತ್ತಾಳೆ.